ಕಡಲಾಚೆಯ ಗೆಳೆಯರು

ಬೇರೆ ಬೇರೆ ಖಂಡಗಳ ತರುಣರನ್ನು ಒಂದೆಡೆ ಸೇರಿಸಿ, ಅವರೊಳಗೆ ಪರಿಚಯವನ್ನು ಬೆಳೆಸಿ, ಮುಂದೆ ಅವರು ತಮ್ಮ ತಮ್ಮ ನಾಡುಗಳಲ್ಲಿ ಹೊಣೆಯ ಸ್ಥಾನಗಳಿಗೆ ಏರಿದಾಗ ಆ ಪರಿಚಯವು ಲೋಕಕ್ಕೆ ಉಪಯೋಗವಾಗಲಿ ಎಂದು ಬಯಸುವ ಪ್ರಯತ್ನಗಳು ನಮ್ಮ ಕಾಲದಲ್ಲಿ ಹಲವು ನಡೆದಿವೆ. ಸರ್ಕಾರಗಳು, ವಿಶ್ವವಿದ್ಯಾನಿಲಯಗಳು, ಧರ್ಮಾರ್ಥ ನಿಧಿಗಳು ಇದಕ್ಕಾಗಿ ಧಾರಾಳವಾಗಿ ಹಣವನ್ನು ವೆಚ್ಚ ಮಾಡಿವೆ. 2014ರಲ್ಲಿ ಅಮೆರಿಕದ ಸರ್ಕಾರವು ಇಂಥದೊಂದು ಯೋಜನೆಯನ್ನು ಆರಂಭಿಸಿ, ಅದೇ ವರ್ಷ ಅದಕ್ಕೆ ನೆಲ್ಸನ್ ಮಂಡೇಲಾ ಅವರ ಹೆಸರನ್ನೂ ಇಟ್ಟಿತು. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದ ದೇಶಗಳಿಂದ ಆ ವರ್ಷ 500 ಮಂದಿ ತರುಣ ತರುಣಿಯರು ಆಯ್ಕೆಯಾಗಿ ಅಮೆರಿಕಕ್ಕೆ ಹೋದರು. ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಆರು ವಾರ ಕಳೆದರು. ಅರ್ಜಿ ಹಾಕಿದ್ದವರು ಸುಮಾರು 50,000 ಮಂದಿ. ಎಂದರೆ ನೂರರಲ್ಲಿ ಒಬ್ಬರು ಬಾಗಿಲ ಒಳಗೆ. ಉಳಿದ ತೊಂಬತ್ತೊಂಬತ್ತು ಮಂದಿ ಹೊರಗೆ.

ಉದ್ದೇಶವು ಒಳ್ಳೆಯದೆಂಬುದರಲ್ಲಿ ನನಗೆ ಸಂದೇಹವಿಲ್ಲ. ದೂರದ ದೇಶದವನನ್ನು ಕಣ್ಣಾರೆ ಕಂಡು, ಅವನೊಡನೆ ಕುಳಿತು ಉಂಡವನಿಗೆ ಆ ದೇಶವು ಭೂಪಟದ ಮೇಲಣ ಬಣ್ಣದ ತುಂಡಾಗಿ ಮಾತ್ರ ಉಳಿಯುವುದಿಲ್ಲ. ಆದರೆ ಇಂಥ ಪರಿಚಯವು ಯಾವಾಗ ಗಟ್ಟಿಯಾಗಿ ನಿಲ್ಲುತ್ತದೆ, ಯಾವಾಗ ಒಂದು ಪ್ರಶಸ್ತಿಪತ್ರ ಮತ್ತು ಒಂದು ಗುಂಪುಚಿತ್ರದಲ್ಲಿ ಮುಗಿದುಹೋಗುತ್ತದೆ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆಯಿದೆ: ಇಪ್ಪತ್ತೈದು ವಯಸ್ಸಿನವರಲ್ಲಿ ಯಾರು ನಾಳೆ ನಾಯಕರಾಗುವರೆಂದು ಅರ್ಜಿಯನ್ನು ಓದಿ ಹೇಳಬಹುದೇ? ತರಗತಿಯಲ್ಲಿ ಬಹುಕಾಲ ಕಳೆದ ನನಗೆ ಈ ವಿಷಯದಲ್ಲಿ ಹೆಚ್ಚಿನ ಧೈರ್ಯವಿಲ್ಲ. ನಾವು ಉಪಾಧ್ಯಾಯರು ಆರಿಸಿದ ಮಾನಿಟರು ಊರಿಗೆ ಮುಖಂಡನಾದುದಕ್ಕಿಂತ, ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕುಳಿತಿದ್ದವನು ಆದುದೇ ಹೆಚ್ಚು.

ತರುಣರ ಬಳಗವೊಂದು ಹೇಗೆ ಕಟ್ಟಿಕೊಳ್ಳುತ್ತದೆಂಬುದನ್ನು ತಿಳಿಯಲು ನಾವು 1927ನೆಯ ಇಸವಿಗೆ ಹೋಗಬೇಕು. ಆ ವರ್ಷದ ಫೆಬ್ರವರಿಯಲ್ಲಿ ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸ್ ನಗರದ ಎಗ್ಮಾಂಟ್ ಅರಮನೆಯಲ್ಲಿ ಪರಾಧೀನ ರಾಷ್ಟ್ರಗಳ ಒಂದು ಸಮ್ಮೇಳನ ನಡೆಯಿತು. ಬೆಲ್ಜಿಯಂ ತಾನೇ ಆಫ್ರಿಕದ ಕಾಂಗೋವನ್ನು ಆಳುತ್ತಿದ್ದ ಕಾಲ ಅದು. ಆಳುವವರ ಅರಮನೆಯಲ್ಲಿ ಆಳಿಸಿಕೊಳ್ಳುವವರ ಸಭೆ! ಏಷ್ಯಾ, ಆಫ್ರಿಕ, ಅಮೆರಿಕ ಖಂಡಗಳಿಂದ ಪ್ರತಿನಿಧಿಗಳು ಬಂದಿದ್ದರು. ಭಾರತದ ರಾಷ್ಟ್ರೀಯ ಕಾಂಗ್ರೆಸ್ಸಿನ ಪರವಾಗಿ ಹೋದವರು ಜವಾಹರಲಾಲ ನೆಹರೂ. ಪತ್ನಿ ಕಮಲಾ ಅವರ ಚಿಕಿತ್ಸೆಗಾಗಿ ಅವರು ಆಗ ಯುರೋಪಿನಲ್ಲಿದ್ದರು, ವಯಸ್ಸು ಮೂವತ್ತೇಳು. ಸೆನೆಗಾಲಿನ ಲಾಮಿನ್ ಸೆಂಘೋರ್ ಎಂಬವರು ಅಲ್ಲಿದ್ದರು. ಅವರು ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಕಾದಾಡಿ, ವಿಷವಾಯುವಿನಿಂದ ಶ್ವಾಸಕೋಶವನ್ನು ಕೆಡಿಸಿಕೊಂಡಿದ್ದರು. ಸಮ್ಮೇಳನದ ವೇದಿಕೆಯಿಂದ ವಸಾಹತು ಆಳ್ವಿಕೆಯ ವಿರುದ್ಧ ಮಾತನಾಡಿದ ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಪ್ಯಾರಿಸ್ಸಿನಲ್ಲಿ ಕೂಲಿಗೆ ದುಡಿಯುತ್ತಿದ್ದ ಅಲ್ಜೀರಿಯದ ಮೆಸ್ಸಾಲಿ ಹಾಜ್ ಅಲ್ಲಿದ್ದರು. ಹಾಲೆಂಡಿನ ರೋಟರ್‌ಡ್ಯಾಮಿನಲ್ಲಿ ವಾಣಿಜ್ಯಶಾಸ್ತ್ರವನ್ನು ಓದುತ್ತಿದ್ದ, ಸುಮಾತ್ರಾ ದ್ವೀಪದ ಇಪ್ಪತ್ತನಾಲ್ಕು ವರ್ಷದ ವಿದ್ಯಾರ್ಥಿಯೊಬ್ಬರೂ ಅಲ್ಲಿದ್ದರು. ಅವರ ಹೆಸರು ಮೊಹಮ್ಮದ್ ಹಟ್ಟಾ.

ಇವರಲ್ಲಿ ಯಾರನ್ನೂ ಯಾವ ಸಮಿತಿಯೂ ‘ನಾಳಿನ ನಾಯಕ’ರೆಂದು ಆರಿಸಿರಲಿಲ್ಲ. ಅವರವರ ಸರ್ಕಾರಗಳ ಲೆಕ್ಕದಲ್ಲಿ ಅವರು ಉಪದ್ರವಿಗಳು. ಆ ವರ್ಷದ ಸೆಪ್ಟೆಂಬರಿನಲ್ಲಿ ಡಚ್ ಸರ್ಕಾರ ಹಟ್ಟಾ ಅವರನ್ನು ಬಂಧಿಸಿ ಸೆರೆಯಲ್ಲಿಟ್ಟಿತು. 1928ರ ಮಾರ್ಚಿನಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಅವರನ್ನೆಲ್ಲ ಒಂದುಗೂಡಿಸಿದ್ದು ಒಂದೇ ನೋವು. ಜಾವಾದ ರೈತನ ಕಬ್ಬಿನ ಬೆಲೆಯನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ಗೊತ್ತುಮಾಡುವವರೂ ಬಂಗಾಳದ ಸೆಣಬಿನ ಬೆಲೆಯನ್ನು ಲಂಡನ್ನಿನಲ್ಲಿ ಗೊತ್ತುಮಾಡುವವರೂ ಒಂದೇ ಕಸುಬಿನವರೆಂಬುದು ಪರಸ್ಪರ ಮಾತನಾಡಿದಾಗ ಅವರಿಗೆ ಹೊಳೆಯದೆ ಇರುವುದು ಸಾಧ್ಯವೇ ಇರಲಿಲ್ಲ.

ಈ ಸಮ್ಮೇಳನದಲ್ಲಿ ಸಾಮ್ರಾಜ್ಯಶಾಹಿಯ ವಿರುದ್ಧ ಒಂದು ಸಂಘವೂ ಹುಟ್ಟಿತು. ಅದರ ಹಿಂದೆ ಮಾಸ್ಕೋದ ಕಮ್ಯುನಿಸ್ಟರ ಕೈಯಿತ್ತು. ಕೆಲವೇ ವರ್ಷಗಳಲ್ಲಿ ಅಭಿಪ್ರಾಯಭೇದಗಳು ಬೆಳೆದು, ನೆಹರೂ, ಹಟ್ಟಾ ಇಬ್ಬರೂ ಅದರಿಂದ ಹೊರಬೀಳಬೇಕಾಯಿತು. ಸಂಘವೂ ಸೊರಗಿ ಹೋಯಿತು. ಸಂಘ ಸತ್ತರೂ ಅಲ್ಲಿ ಹುಟ್ಟಿದ ಗೆಳೆತನ ಸಾಯಲಿಲ್ಲ. ಮುಂದಿನ ವರ್ಷಗಳಲ್ಲಿ ಇಬ್ಬರೂ ತಮ್ಮ ತಮ್ಮ ನೆಲದಲ್ಲಿ ಸೆರೆಮನೆಯನ್ನು ಕಂಡರು. ಹಟ್ಟಾ ಅವರನ್ನು ಡಚ್ಚರು 1935ರಲ್ಲಿ ನ್ಯೂಗಿನಿಯ ಮಲೇರಿಯ ಪೀಡಿತ ಕಾಡಿಗೆ, ಅಲ್ಲಿಂದ ಬಂಡಾ ದ್ವೀಪಕ್ಕೆ ಕಳುಹಿಸಿದರು. 1945ರ ಆಗಸ್ಟ್ 17ರಂದು ಇಂಡೊನೇಷ್ಯಾ ಸ್ವಾತಂತ್ರ್ಯವನ್ನು ಸಾರಿದಾಗ ಸುಕರ್ಣೊ ಅಧ್ಯಕ್ಷರಾದರು; ಹಟ್ಟಾ ಉಪಾಧ್ಯಕ್ಷರಾದರು.

ಆದರೆ ಡಚ್ಚರು ಬಿಟ್ಟುಹೋಗಲು ಒಪ್ಪಲಿಲ್ಲ. 1947ರ ಜುಲೈ ತಿಂಗಳಿನಲ್ಲಿ ಸೈನ್ಯವನ್ನು ನುಗ್ಗಿಸಿದರು. ಆಗ ಒರಿಸ್ಸಾದ ಬಿಜು ಪಟ್ನಾಯಕ್ ಎಂಬ ಮೂವತ್ತೊಂದು ವರ್ಷದ ವಿಮಾನಚಾಲಕರು ತಮ್ಮ ವಿಮಾನವನ್ನು ಜಾವಾಕ್ಕೆ ಹಾರಿಸಿಕೊಂಡು ಹೋಗಿ, ಅಲ್ಲಿನ ನಾಯಕ ಸುತಾನ್ ಶಾರಿರ್ ಅವರನ್ನು ಡಚ್ಚರ ಕಣ್ಣು ತಪ್ಪಿಸಿ ಹೊರಗೆ ಕರೆತಂದರು. ಶಾರಿರ್ ದೆಹಲಿಗೆ ಬಂದು, ತಮ್ಮ ನಾಡಿನ ಮಾತನ್ನು ಲೋಕಕ್ಕೆ ಕೇಳಿಸಿದರು. ಬಿಜು ಪಟ್ನಾಯಕರು ಮುಂದೆ ಒರಿಸ್ಸಾದ ಮುಖ್ಯಮಂತ್ರಿಗಳಾದುದು ನಿಮಗೆ ತಿಳಿದಿರಬಹುದು. ಇಂಡೊನೇಷ್ಯಾ ಅವರಿಗೆ ‘ಭೂಮಿಪುತ್ರ’ ಎಂಬ ಗೌರವವನ್ನು ಕೊಟ್ಟಿತು.

1948ರ ಡಿಸೆಂಬರಿನಲ್ಲಿ ಡಚ್ಚರು ಮತ್ತೊಮ್ಮೆ ದಾಳಿಮಾಡಿ, ಸುಕರ್ಣೊ ಮತ್ತು ಹಟ್ಟಾ ಇಬ್ಬರನ್ನೂ ಸೆರೆಹಿಡಿದರು. ಭಾರತವು ಡಚ್ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. 1949ರ ಜನವರಿಯಲ್ಲಿ ನೆಹರೂ ದೆಹಲಿಯಲ್ಲಿ ಒಂದು ಸಮ್ಮೇಳನವನ್ನು ಕರೆದರು. ಏಷ್ಯಾದ ದೇಶಗಳೇ ಅಲ್ಲದೆ ಈಜಿಪ್ಟ್, ಇಥಿಯೋಪಿಯ, ಆಸ್ಟ್ರೇಲಿಯಗಳೂ ಬಂದವು. ಅದು ಮುಗಿದ ಐದನೆಯ ದಿನ, ಜನವರಿ 28ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ನಾಯಕರನ್ನು ಬಿಡುಗಡೆ ಮಾಡಬೇಕೆಂದೂ ಅಧಿಕಾರವನ್ನು ಹಸ್ತಾಂತರಿಸಬೇಕೆಂದೂ ನಿರ್ಣಯ ಮಾಡಿತು. ಆ ವರ್ಷದ ಡಿಸೆಂಬರ್ 27ರಂದು ಆಮ್‌ಸ್ಟರ್‌ಡ್ಯಾಮಿನ ಅರಮನೆಯಲ್ಲಿ ಡಚ್ ರಾಣಿಯ ಎದುರಿನಲ್ಲಿ ಕುಳಿತು, ತನ್ನ ನಾಡಿನ ಸ್ವಾತಂತ್ರ್ಯದ ಪತ್ರವನ್ನು ಸ್ವೀಕರಿಸಿದವರು ಬೇರಾರೂ ಅಲ್ಲ, ಆ ರೋಟರ್‌ಡ್ಯಾಮಿನ ಹಳೆಯ ವಿದ್ಯಾರ್ಥಿ ಹಟ್ಟಾ ಅವರೇ. ಒಂದು ತಿಂಗಳು ಕಳೆಯುವಷ್ಟರಲ್ಲಿ, 1950ರ ಜನವರಿ 26ರಂದು, ನಮ್ಮ ಮೊದಲ ಗಣರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದವರು ಸುಕರ್ಣೊ.

ಇಷ್ಟೆಲ್ಲವೂ ಬ್ರಸೆಲ್ಸಿನಲ್ಲಿ ಇಬ್ಬರು ಕೈಕುಲುಕಿದ್ದರಿಂದ ಆಯಿತೆಂದು ನಾನು ಹೇಳಲಾರೆ. ಜಾವಾದ ಹಳ್ಳಿಗಳಲ್ಲಿ ಹೋರಾಡಿದ ಸಾವಿರಾರು ಜನರ ರಕ್ತದಿಂದ ಅದು ಆಯಿತು. ಹಾಲೆಂಡಿನ ಮೇಲೆ ಅಮೆರಿಕ ತಂದ ಒತ್ತಡದಿಂದಲೂ ಆಯಿತು. ಆದರೆ ಸಂಕಟದ ಹೊತ್ತಿನಲ್ಲಿ ದೆಹಲಿಗೆ ಇಂಡೊನೇಷ್ಯಾವು ಪರಕೀಯವಾಗಿ ಕಾಣಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆಯೇ ಅದಕ್ಕೊಂದು ಮುಖವಿತ್ತು, ಒಂದು ಹೆಸರಿತ್ತು. ತರುಣರ ಪರಿಚಯದಿಂದ ನಾವು ಅಪೇಕ್ಷಿಸಬಹುದಾದದ್ದು ಇಷ್ಟೇ. ಆದರೆ ಇದು ಅಲ್ಪವಲ್ಲ.

ಇನ್ನೊಂದು ಮುಖವನ್ನೂ ಮರೆಮಾಚಬಾರದು. 1965ರಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಯುದ್ಧವಾದಾಗ ಇಂಡೊನೇಷ್ಯಾ ಪಾಕಿಸ್ತಾನದ ಪಕ್ಷವನ್ನು ವಹಿಸಿತು. ನೆಹರೂ ಅಷ್ಟರಲ್ಲಿ ತೀರಿಹೋಗಿದ್ದರು. ಹಟ್ಟಾ 1956ರಲ್ಲಿಯೇ ಉಪಾಧ್ಯಕ್ಷ ಪದವಿಯನ್ನು ಬಿಟ್ಟು ಹೊರಬಂದಿದ್ದರು. ವ್ಯಕ್ತಿಗಳ ಗೆಳೆತನವನ್ನು ನಂಬಿ ಕಟ್ಟಿದ ಸೇತುವೆಯ ಮೇಲೆ, ಆ ವ್ಯಕ್ತಿಗಳು ಹೋದ ಮೇಲೆ ನಡೆಯುವವರು ಯಾರು? ಮೇಲಿನ ನಾಲ್ಕಾರು ಮಂದಿಯ ಪರಿಚಯ ಸಾಲದೆಂದು ನಾನು ಭಾವಿಸಲು ಇದೂ ಒಂದು ಕಾರಣ.

ಸಾಮಾನ್ಯರ ಪರಿಚಯಕ್ಕೆ ದಾರಿ ತೋರಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಒಬ್ಬರು. ಕಸುಬಿನಿಂದ ಅವರು ಇಂಜಿನಿಯರು, ನಂಬಿಕೆಯಿಂದ ಯುದ್ಧದ್ವೇಷಿ. ತಂದೆ ಆ ದೇಶದ ಅಧ್ಯಕ್ಷರಾಗಿದ್ದವರು. ಮಗ ಸೈನ್ಯದ ತೆರಿಗೆಯನ್ನು ಕೊಡಲು ನಿರಾಕರಿಸಿ ಸೆರೆಮನೆಗೆ ಹೋದವರು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಅವರು ಬೇರೆ ಬೇರೆ ದೇಶಗಳ ಕೆಲವು ಮಂದಿಯನ್ನು ಕೂಡಿಸಿಕೊಂಡು ಫ್ರಾನ್ಸಿನ ವೆರ್ಡನ್ ಬಳಿಯ ಎಸ್ನ್ ಎಂಬ ಹಾಳೂರಿಗೆ ಹೋದರು. ಫಿರಂಗಿಗಳು ಅಗೆದಿದ್ದ ಹೊಲಗಳನ್ನು ಸಮ ಮಾಡುವುದು, ಕುಸಿದ ಮನೆಗಳ ಜಾಗದಲ್ಲಿ ಮರದ ಮನೆಗಳನ್ನು ಎಬ್ಬಿಸುವುದು ಅವರ ಕೆಲಸ. ತಂಡದಲ್ಲಿ ಜರ್ಮನರೂ ಇದ್ದರು. ಊರನ್ನು ಹಾಳುಮಾಡಿದ ಸೈನ್ಯದ ನಾಡಿನವರೇ ಗುದ್ದಲಿ ಹಿಡಿದು ಬಂದರೆ ಎಲ್ಲರ ಮನಸ್ಸೂ ಕೂಡಲೇ ಕರಗುವುದೆಂದು ತಿಳಿಯಬೇಡಿ. ಜರ್ಮನರ ಇರವನ್ನು ಸಹಿಸದವರ ವಿರೋಧದಿಂದಾಗಿ ಕೆಲವು ತಿಂಗಳುಗಳಲ್ಲಿ ಆ ಶಿಬಿರವನ್ನು ಮುಗಿಸಬೇಕಾಯಿತು. ಸೆರೆಸೋಲ್ ಮಾತ್ರ ಆ ಪದ್ಧತಿಯನ್ನು ಬಿಡಲಿಲ್ಲ.

1934ರ ಜನವರಿ 15ರಂದು ಬಿಹಾರದಲ್ಲಿ ಭಯಂಕರ ಭೂಕಂಪವಾಯಿತು. ಗಾಂಧೀಜಿಯವರನ್ನು 1931ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಭೇಟಿಯಾಗಿದ್ದ ಸೆರೆಸೋಲ್ ಭಾರತಕ್ಕೆ ಬಂದರು. ಬಾಬು ರಾಜೇಂದ್ರ ಪ್ರಸಾದರು ಅಲ್ಲಿನ ಪರಿಹಾರ ಕಾರ್ಯದ ಮುಂದಾಳಾಗಿದ್ದರು. ಬೆರಳೆಣಿಕೆಯ ಯುರೋಪಿಯನ್ ಸಂಗಾತಿಗಳೊಡನೆ ಸೆರೆಸೋಲ್ ಹಲವು ಸಲ ಬಂದು, ಹಳ್ಳಿಗಳನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಸ್ಥಳೀಯರೊಡನೆ ಮಣ್ಣು ಹೊತ್ತರು. ಬಿಳಿಯನೆಂದರೆ ಕುದುರೆಯ ಮೇಲೆ ಕುಳಿತವನು ಎಂದೇ ತಿಳಿದಿದ್ದ ಜನ, ಬಿಳಿಯನೊಬ್ಬ ಬೆವರುವುದನ್ನು ಕಂಡರು. ಸೆರೆಸೋಲ್ ಅವರು ಹುಟ್ಟುಹಾಕಿದ ಅಂತರರಾಷ್ಟ್ರೀಯ ಸೇವಾ ಸಂಸ್ಥೆ ನೂರು ವರ್ಷಗಳನ್ನು ದಾಟಿ ಬದುಕಿದೆ.

ನಮ್ಮವರಲ್ಲಿಯೂ ಇಂಥ ಶಿಬಿರಗಳ ಹುಚ್ಚು ಹತ್ತಿಸಿಕೊಂಡವರು ಇದ್ದರು. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾವ್ ಅವರು 1970ರಲ್ಲಿ ರಾಷ್ಟ್ರೀಯ ಯುವ ಯೋಜನೆಯನ್ನು ಆರಂಭಿಸಿದರು. 2021ರಲ್ಲಿ ತೀರಿಕೊಳ್ಳುವವರೆಗೂ ಅವರು ಚಡ್ಡಿ, ಖಾದಿ ಅಂಗಿ ತೊಟ್ಟು, ನಾನಾ ಪ್ರಾಂತಗಳ ಯುವಜನರನ್ನು ಸೇರಿಸಿ, ಬೆಳಿಗ್ಗೆ ದುಡಿಸಿ, ಸಂಜೆ ಹಾಡಿಸುತ್ತಿದ್ದರು. ಚಂಬಲ್ ಕಣಿವೆಯ ಡಕಾಯಿತರು 1972ರಲ್ಲಿ ಶಸ್ತ್ರಗಳನ್ನು ಕೆಳಗಿಟ್ಟದ್ದು ಅವರ ಜೌರಾ ಆಶ್ರಮದಲ್ಲಿ.

ಈ ಬಗೆಯ ಕೆಲಸವನ್ನು ಎರಡು ಸರ್ಕಾರಗಳು ದೊಡ್ಡ ಪ್ರಮಾಣದಲ್ಲಿ ಕೈಗೊಂಡ ನಿದರ್ಶನವೂ ಇದೆ. 1870ರಿಂದ 1945ರವರೆಗೆ ಫ್ರಾನ್ಸ್ ಮತ್ತು ಜರ್ಮನಿ ಮೂರು ಸಲ ಯುದ್ಧ ಮಾಡಿದವು. 1963ರಲ್ಲಿ ಫ್ರಾನ್ಸಿನ ದ ಗಾಲ್ ಮತ್ತು ಪಶ್ಚಿಮ ಜರ್ಮನಿಯ ಅಡೆನಾವರ್ ಒಪ್ಪಂದಕ್ಕೆ ಸಹಿ ಹಾಕಿ, ಅದೇ ವರ್ಷ ಎರಡೂ ದೇಶಗಳ ಯುವಜನರಿಗಾಗಿ ಜಂಟಿ ಕಚೇರಿಯೊಂದನ್ನು ತೆರೆಸಿದರು. ಅದು ನಾಯಕರನ್ನು ಹುಡುಕಲು ಹೋಗಲಿಲ್ಲ. ಶಾಲೆಯ ಮಕ್ಕಳು, ಬಡಗಿಯ ಕೆಲಸ ಕಲಿಯುವವರು, ಫುಟ್‌ಬಾಲ್ ಆಡುವವರು, ಸಂಗೀತ ಕಲಿಯುವವರು, ಹೀಗೆ ಯಾರು ಬಂದರೂ ಕಳುಹಿಸಿತು. ಈವರೆಗೆ 90 ಲಕ್ಷಕ್ಕೂ ಹೆಚ್ಚು ಯುವಜನರು ಹೀಗೆ ಗಡಿಯನ್ನು ದಾಟಿ, ಒಬ್ಬರನ್ನೊಬ್ಬರು ಕಂಡಿದ್ದಾರೆ. 500 ಮಂದಿಯನ್ನು ಆರಿಸುವ ಯೋಜನೆಯನ್ನೂ ಇದನ್ನೂ ತಕ್ಕಡಿಯಲ್ಲಿಟ್ಟರೆ ನನ್ನ ಒಲವು ಯಾವ ಕಡೆಗೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಜನರಲ್ಲಿ ಮುಂದೆ ಮಂತ್ರಿಗಳಾಗುವವರೂ ಇದ್ದೇ ಇರುತ್ತಾರೆ; ಅವರಿಗೆ ಓಟು ಕೊಡುವವರೂ ಇರುತ್ತಾರೆ.

ಆರಿಸಿ ಕರೆಯುವ ಪದ್ಧತಿಯಿಂದ ಒಳಿತೇ ಆಗುವುದಿಲ್ಲವೆಂದು ವಾದಿಸಿದರೆ ಕನ್ನಡಿಗರಾದ ನಮಗೆ ಅದು ಕೃತಘ್ನತೆಯಾದೀತು. 1902ರಲ್ಲಿ ತೀರಿಕೊಂಡ ಸೆಸಿಲ್ ರೋಡ್ಸ್, ದಕ್ಷಿಣ ಆಫ್ರಿಕದ ವಜ್ರದ ಗಣಿಗಳಲ್ಲಿ ಗಳಿಸಿದ ಹಣವನ್ನು ಆಕ್ಸ್‌ಫರ್ಡಿನ ವಿದ್ಯಾರ್ಥಿವೇತನಗಳಿಗೆ ಬಿಟ್ಟುಹೋದ. ಬ್ರಿಟಿಷ್ ಸಾಮ್ರಾಜ್ಯವನ್ನು ಬಲಪಡಿಸುವ ತರುಣರ ಬಳಗವೊಂದು ಬೆಳೆಯಬೇಕೆಂಬುದು ಅವನ ಆಸೆ. ಸ್ತ್ರೀಯರಿಗೆ ಆ ಬಾಗಿಲು ತೆರೆದದ್ದು 1977ರಲ್ಲಿ. ಇಂಥ ನಿಧಿಯ ವಿದ್ಯಾರ್ಥಿವೇತನದಿಂದಲೇ ಶಿರಸಿಯಲ್ಲಿ ಬೆಳೆದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿನ ವಿದ್ಯಾರ್ಥಿಗಳ ಪ್ರಸಿದ್ಧ ಚರ್ಚಾ ಸಂಘಕ್ಕೆ ಅಧ್ಯಕ್ಷರೂ ಆದರು. ಹಿಂದಿರುಗಿ ಬಂದು, 1964ರಲ್ಲಿ ‘ತುಘಲಕ್’ ನಾಟಕವನ್ನು ಕನ್ನಡದಲ್ಲಿ ಪ್ರಕಟಿಸಿದರು. ಸಾಮ್ರಾಜ್ಯಕ್ಕಾಗಿ ನೆಟ್ಟ ಮರದ ಹಣ್ಣು ಧಾರವಾಡದ ಅಂಗಳದಲ್ಲಿ ಬಿದ್ದಿತು. ಆದರೂ ಆಕ್ಸ್‌ಫರ್ಡಿನ ಬಾಗಿಲಲ್ಲಿ ಇಂಗ್ಲಿಷೇ ಬೀಗದ ಕೈ. ಹಳ್ಳಿಯ ಶಾಲೆಯಲ್ಲಿ ಓದಿದ ಹುಡುಗಿ ಆ ಬೀಗದ ಮುಂದೆ ಏನು ಮಾಡಬೇಕು?

ಇಲ್ಲಿಯವರೆಗೆ ನಾನು ಹೇಳಿದ ಭೇಟಿಗಳಲ್ಲಿ ಹೆಚ್ಚಿನವು ಬ್ರಸೆಲ್ಸ್, ಆಕ್ಸ್‌ಫರ್ಡ್, ಅಮೆರಿಕಗಳಲ್ಲಿ ನಡೆದವು. ಏಷ್ಯಾದವನೂ ಆಫ್ರಿಕದವನೂ ಪರಸ್ಪರ ಪರಿಚಯವಾಗಲು ಯುರೋಪಿಗೇ ಹೋಗಬೇಕೆಂಬುದು ವಿಚಿತ್ರವಲ್ಲವೇ? ಭಾರತವು ಇದನ್ನು ಬಹಳ ಹಿಂದೆಯೇ ಅರಿತಿತ್ತು. ಮೌಲಾನಾ ಆಜಾದರು 1950ರಲ್ಲಿ ಸ್ಥಾಪಿಸಿದ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಹೊರದೇಶಗಳ ವಿದ್ಯಾರ್ಥಿಗಳಿಗೆ ವೇತನ ಕೊಡುತ್ತ ಬಂದಿದೆ. 1964ರಲ್ಲಿ ಆರಂಭವಾದ ತಾಂತ್ರಿಕ ಸಹಕಾರ ಯೋಜನೆಯಲ್ಲಿ ಅನೇಕ ದೇಶಗಳ ನೌಕರರೂ ತಜ್ಞರೂ ಇಲ್ಲಿಗೆ ಬಂದು ತರಬೇತಿ ಪಡೆಯುತ್ತಾರೆ. 2004ರಿಂದ 2012ರವರೆಗೆ ಮಲಾವಿ ದೇಶದ ಅಧ್ಯಕ್ಷರಾಗಿದ್ದ ಬಿಂಗು ವಾ ಮುತಾರಿಕ ಅವರು ತರುಣರಾಗಿದ್ದಾಗ ದೆಹಲಿಯಲ್ಲಿ ಅರ್ಥಶಾಸ್ತ್ರವನ್ನು ಓದಿದವರು. ಬೆಂಗಳೂರು, ಮೈಸೂರುಗಳ ಕಾಲೇಜುಗಳಲ್ಲಿಯೂ ಆಫ್ರಿಕದ ವಿದ್ಯಾರ್ಥಿಗಳನ್ನು ಬಹುಕಾಲದಿಂದ ಕಾಣುತ್ತಿದ್ದೇವೆ.

ಅವರನ್ನು ನಾವು ಹೇಗೆ ಕಂಡೆವು? 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ದೇಶದ ಒಬ್ಬನ ಕಾರು ಬಡಿದು ಸ್ತ್ರೀಯೊಬ್ಬಳು ಪ್ರಾಣ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ಬಂದ ಟಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪೊಂದು ಅಡ್ಡಗಟ್ಟಿ ಥಳಿಸಿತು, ಅವಳ ಮಾನಕ್ಕೆ ಕೈ ಹಾಕಿತು, ಕಾರಿಗೆ ಬೆಂಕಿಯಿಟ್ಟಿತು. ಅಪಘಾತಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಸುಡಾನಿಗೂ ಟಾಂಜಾನಿಯಕ್ಕೂ ನಡುವೆ ಬೇರೆ ದೇಶಗಳೇ ಇವೆ. ಗುಂಪಿಗೆ ಮೈಬಣ್ಣವೊಂದೇ ಗುರುತಾಯಿತು. ಪೊಲೀಸರು ಹಲವರನ್ನು ಬಂಧಿಸಿದರು. ಟಾಂಜಾನಿಯದ ಸರ್ಕಾರ ಪ್ರತಿಭಟಿಸಿತು. ನಮ್ಮ ದೇಶದ ವಿದೇಶಾಂಗ ಮಂತ್ರಿಗಳು ದುಃಖವನ್ನು ವ್ಯಕ್ತಪಡಿಸಿದರು. ದಾರ್-ಎಸ್-ಸಲಾಮಿನ ಯಾವ ಮನೆಯಲ್ಲಿ ಭಾರತದ ಮಾತು ಬಂದರೂ ಆ ರಾತ್ರಿಯ ಸುದ್ದಿಯೂ ಬಾರದೆ ಇರುವುದಿಲ್ಲ. ದೆಹಲಿಯ ಕಚೇರಿಗಳು ವರ್ಷಾನುಗಟ್ಟಲೆ ಕೊಟ್ಟ ವಿದ್ಯಾರ್ಥಿವೇತನಗಳ ಮೇಲೆ ಅರ್ಧ ಗಂಟೆಯಲ್ಲಿ ಮಸಿ ಬಿತ್ತು.

ಆದ್ದರಿಂದ ಖಂಡಾಂತರದ ಬಳಗವನ್ನು ಕಟ್ಟುವ ಕೆಲಸದಲ್ಲಿ ನಮ್ಮ ಶಾಲೆಗಳಿಗೂ ಪಾಲಿದೆಯೆಂದು ನನ್ನ ಅಭಿಪ್ರಾಯ. ಇದಕ್ಕೆ ವಿಮಾನದ ಟಿಕೇಟು ಬೇಡ. ಆ ಖಂಡಗಳ ವಿದ್ಯಾರ್ಥಿಗಳು ನಮ್ಮ ನಗರಗಳಿಗೆ ತಾವಾಗಿಯೇ ಬಂದಿದ್ದಾರೆ. ಬೇಸಗೆಯ ರಜೆಯಲ್ಲಿ ಹತ್ತು ಮಂದಿಯನ್ನು ಒಂದು ತಾಲ್ಲೂಕಿಗೆ ಕರೆದು, ನಮ್ಮ ಹತ್ತು ಮಂದಿಯೊಡನೆ ಹದಿನೈದು ದಿನ ಒಂದು ಕೆರೆಯ ಹೂಳೆತ್ತುವ ಶಿಬಿರವನ್ನು ನಡೆಸಬಹುದು. ಶಾಲೆಯ ಕಟ್ಟಡ ಹೇಗೂ ಬರಿದಾಗಿರುತ್ತದೆ. ಅಡುಗೆಯ ಮನೆಯೂ ಇದೆ. ಆಯ್ಕೆಯ ಸಮಿತಿಯೂ ಬೇಕಾಗಿಲ್ಲ, ಬರುತ್ತೇನೆಂದವರ ಹೆಸರನ್ನು ಬರೆದುಕೊಂಡರಾಯಿತು. ಊಟ ಹಿಡಿಸದಿದ್ದರೆ ಎಂದು ಕೇಳುವಿರಿ. ಟಾಂಜಾನಿಯದವರ ನಿತ್ಯದ ಊಟ ‘ಉಗಾಲಿ’. ಅದು ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತೊಳಸಿ, ಕೈಯಲ್ಲಿ ಮುರಿದು, ಸಾರಿನಲ್ಲಿ ಅದ್ದಿ ತಿನ್ನುವ ಮುದ್ದೆ. ಭಾಷೆಯ ತೊಡಕು ಇದ್ದೇ ಇದೆ. ಆದರೆ ಮಣ್ಣು ತುಂಬಿದ ಮಂಕರಿಯನ್ನು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ದಾಟಿಸುವುದಕ್ಕೆ ಮೊದಲ ದಿನ ಸನ್ನೆ ಸಾಕು. ಮೂರನೆಯ ದಿನದ ಹೊತ್ತಿಗೆ ಅವರ ಬಾಯಲ್ಲಿ ‘ತಗೊಳ್ಳಿ’, ‘ಸಾಕು’, ‘ನೀರು ಕೊಡಿ’ ಎಂಬ ಮಾತುಗಳೂ, ನಮ್ಮ ಹುಡುಗರ ಬಾಯಲ್ಲಿ ನಾಲ್ಕಾರು ಸ್ವಾಹಿಲಿ ಮಾತುಗಳೂ ಓಡಾಡತೊಡಗುತ್ತವೆ.